ಬೆನ್ನು ತೋರ್ಸು

ಎಂಟು ವರ್ಷಾತು ನಾ ಪೀರಜಾದೆ ಸಾಹೇಬರ ಅಂಗಡ್ಯಾಗ
ಗಲೀಚೆ ಬಿಚ್ಚಾಂವ, ಗಲೀಚೆ ಸುತ್ತಾಂವ.
ಗಾಂಧಿ ಚೌಕದ ಹಿಂದಿನ ಓಣಿ,
ಮೆಟ್ಲು ಮೂರು, ಹಳದಿ ಬಲ್ಬು ನಾಕು.
ಆ ಬೆಳಕಿನ್ಯಾಗ ಎಂಥಾ ಕೆಂಪೂ ಮಖಮಲ್ಲು.
ಸಾಹೇಬರು ಕಲಿಸ್ಯಾರ:
ಮೊದಲ ಚಾ ತರಸು, ಆಮ್ಯಾಲೆ ಅಂಗೈಲೆ ಸವರು,
ಕೂದಲಾ ಮಲಗೋ ಕಡೆ ಸವರು, ಎದುರಿಗೆ ಸವರಬ್ಯಾಡ.

ಗೋಳಗುಮ್ಮಟ ನೋಡಿ ಬಂದ ಮಂದಿ ಭಾಳ ಸಲೀಸು.
ಕಿವ್ಯಾಗ ಇನ್ನೂ ಏಳು ಮಾರ್ದನಿ;
ನಾ ಒಂದ್ಸಲ ‘ಖರೆ ಉಣ್ಣೀದ್ರಿ’ ಅಂದ್ರ
ಅವರಿಗೆ ಏಳು ಸಲ ಖರೆ ಅನಸ್ತದ.

ಸತ್ಯವ್ವ ಹಂಗ ಬಂದಾಕಿ ಅಲ್ಲ.
ಕೈಯಾಗ ಸಂತಿ ಚೀಲ, ಚೀಲದಾಗ ಮೆಂತೆ ಪಲ್ಲೆ,
ರೇಷನ್ ಕಾರ್ಡಿನ ಕವರಿನ್ಯಾಗ ಮಡಿಚಿದ ನೋಟು.
ಸ್ಟೇಷನ್ ರೋಡಿನ ಮದುವಿ ಹಾಲಿನ್ಯಾಗ
ಇಪ್ಪತ್ತಾರು ವರ್ಷ ಜಮಖಾನಿ ಹಾಸಿ, ಝಾಡಿಸಿ, ಸುತ್ತಿಟ್ಟಾಕಿ.
‘ಯಾರಿಗ್ರೀ ಗಲೀಚೆ?’
‘ನನಗ.’
‘ಎಷ್ಟು ಮಂದಿ ಕೂಡ್ರಾಕ?’
‘ಒಬ್ಬಾಕಿ.’

ನವಿಲಿಂದು ಒಂದು ಬಿಚ್ಚಿದೆ.
ಆಕಿ ನವಿಲು ನೋಡಲಿಲ್ಲ.
‘ಬೆನ್ನು ತೋರ್ಸು’ ಅಂದ್ಲು.

ದಂಡಿನ್ಯಾಗ ಬೆನ್ನು ತೋರಿಸಿದಾಂವ ಹೇಡಿ ಅಂತಾರ.
ನಮ್ಮ ಅಂಗಡ್ಯಾಗ ಅವತ್ತು
ಒಂದರ ಹಿಂದ ಒಂದು ಬೆನ್ನು ತೋರಿಸಿದ್ವು.

ನವಿಲಿನ ಬೆನ್ನಿಗೆ ಜಾಳ ಅರಿವಿ ಅಂಟಿಸಿತ್ತು.
ಉಗುರಿಲೆ ಮೂಲಿ ಎಬ್ಬಿಸಿದ್ಲು:
‘ಗಂಟು ಎಲ್ಲೆ? ಇದು ನೇದದ್ದಲ್ಲೋ ತಮ್ಮಾ, ಹಚ್ಚಿದ್ದು.’

ಎರಡನೇದ್ದನ್ನ ಬಾಗಲ ತನಕ ಎಳಕೊಂಡು ಹ್ವಾದ್ಲು, ಬಿಸಲಿಗೆ.
ಸೆರಗಿನ ತುದಿ ನೀರಾಗ ಎದ್ದಿ ತಿಕ್ಕಿದ್ಲು.
ಸೆರಗು ಕೆಂಪಾತು, ನನ್ನ ಮಾರಿನೂ.
‘ಮದುಮಗಳ ಕಾಲಿನ ಅರಿಶಿಣ ಹಾಸಿಗೆ ಹತ್ತಬೇಕು,
ಹಾಸಿನ ಬಣ್ಣ ಮದುಮಗಳ ಕಾಲಿಗಲ್ಲ.’

ಮೂರನೇದರ ಜೂಲು ಮಶೀನಿಲೆ ಹೊಲಿದದ್ದು. ಬಿಟ್ಲು.

ನಾಕನೇದ್ದು ದುಬಾರಿದು. ಸಾಹೇಬರs ಎದ್ದು ಬಂದ್ರು.
ಆಕಿ ಅಂಚಿನ್ಯಾಗಿನ ಒಂದು ಎಳಿ ಕಿತ್ತು
ಊದಿನಕಡ್ಡಿ ಪಕ್ಕದ ಕಡ್ಡಿಪೆಟ್ಟಿಗಿ ಬೇಡಿದ್ಲು.
ಉಣ್ಣಿ ಸುಟ್ರ ಕೂದಲಾ ಸುಟ್ಟ ನಾತ, ಹಿಚುಕಿದ್ರ ಬೂದಿ.
ಇದು ಹನಿ ಹನಿ ಕರಗಿ, ಕರ್ರಗ, ಗುಂಡಾತು.
ಗುಂಡು ಗಾಜಿನ ಮ್ಯಾಲೆ ಇಟ್ಲು,
ಏನೂ ಅನ್ನಲಿಲ್ಲ.
ಸಾಹೇಬರು ಲೆಕ್ಕದ ಪುಸ್ತಕದಾಗ ತಲಿ ಹಾಕಿದ್ರು.

ಆಮ್ಯಾಲೆ ಆಕಿ ಕೆಳಗ ನೋಡಿದ್ಲು.
ನಮ್ಮ ಕಾಲ ಕೆಳಗಿಂದು.
ಬಾಗಲದಿಂದ ಗಲ್ಲೆದ ತನಕ, ಸಾಹೇಬರ ಅಜ್ಜನ ಕಾಲದ್ದು,
ಮಣ್ಣಬಣ್ಣದ್ದು, ಚಪ್ಪಲಿ ತುಳಿದದ್ದು, ಚಾ ಚೆಲ್ಲಿದ್ದು.
ಕುಂತು, ಎರಡೂ ಹೆಬ್ಬೆರಳಿಲೆ ಕೂದಲಾ ಬೈತಲಿ ತಗದ್ಲು,
ತಾಯಿ ಮಗಳ ತಲ್ಯಾಗ ಹೇನು ನೋಡಿದಂಗ.
‘ಇದಕ್ಕೆಷ್ಟು?’

ಸಾಹೇಬರು ನಕ್ಕರು. ‘ಅದು ಮಾರೋದಲ್ಲವ್ವಾ.’
‘ಗೊತ್ತದ,’ ಅಂದ್ಲು ಸತ್ಯವ್ವ,
‘ಮಾರೋವು ನೋಡಿದೆನಲ್ಲ.’
ಮೆಂತೆ ಪಲ್ಲೆ ಎತ್ತಿಕೊಂಡು ಮೆಟ್ಲಿಳದ್ಲು.
ತರಿಸಿದ ಚಾದ ಮ್ಯಾಲೆ ಕೆನಿ ಕಟ್ಟಿತ್ತು.

ರಾತ್ರಿ ಶಟರ್ ಅರ್ಧಾ ಇಳಿಸಿ, ಒಬ್ಬನs,
ಅದರ ಮೂಲಿ ಎತ್ತಿದೆ.
ಎಂಟು ವರ್ಷದಾಗ ಮೊದಲ ಸಲ.

ಮಣ್ಣಬಣ್ಣ ಅಲ್ಲ ಅದು. ಕೆಂಪು.
ದಾಳಿಂಬ್ರಿ ಒಡದ ಕೂಡ್ಲೆ ಕಾಣೋ ಅಂಥಾ ಕೆಂಪು,
ಗಂಟಿಗೆ ಗಂಟು ಹೆಗಲು ಕೊಟ್ಟು,
ನಡಕ ಒಂದs ಒಂದು ನೀಲಿ ಗಂಟು, ಜಾಗಾ ತಪ್ಪಿದ್ದು.
ನೇಯಾಂವಗ ಯಾರೋ ಹೊರಗ ಕರದಿರಬೇಕು.
ಅದರ ಮ್ಯಾಲೆ ಬೆರಳಿಟ್ಟೆ. ಆಮ್ಯಾಲೆ ಮೂಲಿ ಇಳಿಸಿದೆ.

ಮರುದಿನ ಚಪ್ಪಲಿ ಮೆಟ್ಲ ಮ್ಯಾಲೆ ಬಿಟ್ಟು ಒಳಗ ಬಂದೆ.
‘ಏನಾತೋ?’ ಅಂದ್ರು ಸಾಹೇಬರು.
‘ಕಾಲು ಬೆವರ್ತಾವ್ರೀ’ ಅಂದೆ.